ಹೂವಿನ ಎತ್ತರಕ್ಕೆ ಇಳಿಯಿರಿ

ಸೆಪ್ಟೆಂಬರ್ ಬಂತೆಂದರೆ ಬೆಳಗಾವಿ ಮಂದಿ ಭಾನುವಾರ ಕಾಡುಹೂವಿನ ಫೋಟೊಕ್ಕೆಂದು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಟ್ಟದ ದಾರಿ ಹಿಡಿಯುತ್ತಾರೆ. ಸೋಮವಾರ ಫೋಟೊ ತೋರಿಸಿ ಕೇಳುವ ಪ್ರಶ್ನೆ ಒಂದೇ: “ಹೂವೆಲ್ಲಾ ಹುಲ್ಲಾಗ ಕಳದು ಹೋಗ್ಯಾವ್ರಿ ಸರ, ಯಾವ ಲೆನ್ಸ್ ತಗೋಬೇಕ್ರಿ?” ಯಾವ ಲೆನ್ಸೂ ಬೇಡ. ನೆಲಕ್ಕೆ ಕೂಡ್ರಿ.

ಎಷ್ಟು ಸಲ ಹೇಳಿದರೂ ನಿಂತೇ ತೆಗೆಯುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ. ನಿಂತು ಕೆಳಗೆ ನೋಡಿದಾಗ ಹೂವಿನ ಹಿಂದೆ ಇರುವುದು ನೆಲದ ಹುಲ್ಲು. ಹೂವಿಗೂ ಹುಲ್ಲಿಗೂ ನಡುವೆ ಗೇಣಂತರವೂ ಇಲ್ಲ, ನೀವು ನಾಲ್ಕು ಅಡಿ ಮೇಲೆ. ಹೀಗಿರುವಾಗ ಲೆನ್ಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ದೂರ, ಎರಡೂ ಸ್ಪಷ್ಟ. ಅದೇ ಕ್ಯಾಮೆರಾವನ್ನು ಹೂವಿನ ಮಟ್ಟಕ್ಕೆ ಇಳಿಸಿ, ಒಂದೂವರೆ ಅಡಿ ದೂರದಿಂದ ಅಡ್ಡಲಾಗಿ ನೋಡಿ. ಈಗ ಹಿಂದಿರುವುದು ಐವತ್ತು ಅಡಿ ಆಚೆಯ ಇಳಿಜಾರು. ಅದು ಬರೀ ಹಸಿರಾಗಿ ಕರಗಿ, ಹೂ ಒಂದೇ ಎದ್ದು ನಿಲ್ಲುತ್ತದೆ. ಮರಾಠಿ ಮಂದಿ ಸೀತೆಯ ಕಣ್ಣೀರು ಎನ್ನುವ ನೇರಳೆ ಯುಟ್ರಿಕ್ಯುಲೇರಿಯಾ ಗೇಣುದ್ದದ ಗಿಡ. ಮೇಲಿಂದ ಅದು ಬರೀ ಚುಕ್ಕೆ. ಮಟ್ಟಕ್ಕಿಳಿದರೆ ಕೆಳದಳದ ಬುಡದ ಬಿಳಿ ಗುರುತು, ಹಿಂದೆ ಚಾಚಿದ ಕೊಂಬಿನಂಥ ಬಾಲ, ಅಂಚಿಗೆ ತೂಗುವ ಮಳೆಹನಿ, ಎಲ್ಲವೂ ಕಾಣುತ್ತವೆ.

ಮೊಬೈಲಿನವರಿಗೆ ಇನ್ನೊಂದು ಮಾತು. ತೀರಾ ಹತ್ತಿರ ಹೋದರೆ ಅನೇಕ ಫೋನುಗಳು ತಾವಾಗಿಯೇ ಅಗಲ ಲೆನ್ಸಿಗೆ ಬದಲಾಗಿ ಹಿನ್ನೆಲೆಯನ್ನೆಲ್ಲಾ ಸ್ಪಷ್ಟ ಮಾಡಿಬಿಡುತ್ತವೆ. ಮ್ಯಾಕ್ರೊ (ತೀರಾ ಹತ್ತಿರದ ಚಿತ್ರ ತೆಗೆಯುವ ಸೌಲಭ್ಯ) ಆಫ್ ಮಾಡಿ, ತುಸು ಹಿಂದೆ ಸರಿದು, ಜೂಮ್ 2ಎಕ್ಸ್‌ನಲ್ಲಿ ತೆಗೆಯಿರಿ.

ಮ್ಯಾಕ್ರೊ ಲೆನ್ಸ್ ಇದ್ದವರು ಮಾಡುವ ತಪ್ಪು ಇದರ ಉಲ್ಟಾ: ಹಿನ್ನೆಲೆ ಕರಗಲೆಂದು ಲೆನ್ಸಿನ ಕಿಂಡಿಯನ್ನು ಎಫ್ 2.8ಕ್ಕೆ ತೆರೆದಿಡುತ್ತಾರೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಹೂವಿನ ಬಿಂಬ ನಿಜಗಾತ್ರದ ಅರ್ಧದಷ್ಟಾಗಿ ಸೆನ್ಸರ್ ಮೇಲೆ ಬೀಳುವಷ್ಟು ಹತ್ತಿರ ಹೋದಾಗ ಸ್ಪಷ್ಟ ಬರುವುದು ಸುಮಾರು 1 ಮಿಲಿಮೀಟರ್ ಮಾತ್ರ. ಎಫ್ 8ರಲ್ಲಿ 3 ಮಿಲಿಮೀಟರ್ ಸಮೀಪ. ಎಫ್ 8ರಿಂದ 11 ಸಾಕು. 22ಕ್ಕೆ ಹೋದರೆ ಚಿತ್ರವೆಲ್ಲಾ ಮೆತ್ತಗಾಗುತ್ತದೆ. ಫೋಕಸ್ ಕೇಸರದ ಮೇಲಿರಲಿ.

ಗಾಳಿಯಂತೂ ಇದ್ದೇ ಇರುತ್ತದೆ. ಶಟರ್ 1/500 ಸೆಕೆಂಡಿಗಿಂತ ನಿಧಾನ ಬೇಡ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿದರೆ ಏರಲಿ. ಕೊಡೆಯನ್ನು ಗಾಳಿ ಬರುವ ಕಡೆಗೆ ನೆಲಕ್ಕೆ ಒರಗಿಸಿ. ಬಿಸಿಲು ಬಿದ್ದರೆ ಅದೇ ನೆರಳಾಗುತ್ತದೆ. ಸ್ಮಿಥಿಯಾದಂಥ ಹಳದಿ ಹೂಗಳಿಗೆ ಎಕ್ಸ್‌ಪೋಷರ್ ಅರ್ಧದಿಂದ ಮುಕ್ಕಾಲು ಸ್ಟಾಪ್ (ಬೆಳಕಿನ ಅಳತೆ) ಇಳಿಸಿ, ಇಲ್ಲವಾದರೆ ದಳದ ಗೆರೆಗಳು ಉಳಿಯುವುದಿಲ್ಲ.

ಕೂಡ್ರಿ ಅಂದೆ, ಆದರೆ ಎಲ್ಲಿ? ಜಂಬಿಟ್ಟಿಗೆ ಬಂಡೆಯ ಮೇಲಿನ ಮಣ್ಣು ಬೆರಳುದ್ದವೂ ಇರುವುದಿಲ್ಲ. ಮೊಣಕಾಲೂರಿದರೆ ಗಿಡ ಬೇರು ಸಮೇತ ಕಿತ್ತುಬರುತ್ತದೆ. ಫೋಟೊಕ್ಕೆಂದು ಹೂಗಳ ನಡುವೆ ಮಕ್ಕಳನ್ನು ಕೂಡ್ರಿಸುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬರಿಗಲ್ಲಿನ ಅಂಚಿನಲ್ಲಿರುವ ಹೂ ಹುಡುಕಿ, ಕಲ್ಲಿನ ಮೇಲೆ ಖಾಲಿ ಗೊಬ್ಬರದ ಚೀಲ ಹಾಸಿ. ಅಡ್ಡ ಬಂದ ಹುಲ್ಲನ್ನು ಕೀಳದೆ ಕಡ್ಡಿಯಿಂದ ಸರಿಸಿ, ಆಮೇಲೆ ಬಿಟ್ಟುಬಿಡಿ. ಅಗ್ನಿಶಿಖೆಯನ್ನಂತೂ ಕಿತ್ತು ಮಕ್ಕಳ ಕೈಗೆ ಕೊಡಲೇಬೇಡಿ, ಗಡ್ಡೆಯಿಂದ ಹೂವಿನತನಕ ವಿಷ.

ಮೊಣಕಾಲು ನೋವಿದ್ದವರಿಗೆ ರಸ್ತೆ ಬದಿಯ ದರೆ ಇದೆ. ಅಲ್ಲಿ ಜಿನುಗುವ ನೀರಿಗೆ ಹಬ್ಬಿದ ಕಾಡು ಕರ್ಣಕುಂಡಲ ನಿಂತವರ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ. ಗಾಡಿಯನ್ನು ಮಾತ್ರ ತಿರುವಿನಲ್ಲಿ ನಿಲ್ಲಿಸಬೇಡಿ, ಮಂಜಿನಲ್ಲಿ ಗೋವಾ ಕಡೆಯ ವಾಹನ ಹತ್ತಿರ ಬರುವತನಕ ಕಾಣುವುದಿಲ್ಲ.