ಕಿತ್ತು ನೋಡಿದಾಗ ಕಂಡ ಕಡಲತೀರ

1963ರ ಜೂನ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕರಾವಳಿ. ಸಮುದ್ರ ಇಳಿದ ಹೊತ್ತಿನಲ್ಲಿ ಒಬ್ಬ ಯುವ ಪ್ರಾಧ್ಯಾಪಕ ಹಾರೆ ಹಿಡಿದು ಬಂಡೆ ಮೇಲೆ ನಿಂತಿದ್ದರು. ಬಂಡೆಗೆ ಅಂಟಿಕೊಂಡ ನಕ್ಷತ್ರ ಮೀನುಗಳನ್ನು ಒಂದೊಂದಾಗಿ ಮೀಟಿ ಎಬ್ಬಿಸುವುದು, ಆದಷ್ಟು ದೂರಕ್ಕೆ ನೀರಿಗೆ ಎಸೆಯುವುದು. ಇಷ್ಟೇ ಕೆಲಸ. ದಾರಿಹೋಕರು ನೋಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರೋ ಏನೋ. ಅವರ ಹೆಸರು ರಾಬರ್ಟ್ ಪೇಯ್ನ್. ಸುಮಾರು 8 ಮೀಟರ್ ಉದ್ದ, 2 ಮೀಟರ್ ಎತ್ತರದ ಬಂಡೆಯ ತುಂಡೊಂದನ್ನು ನಕ್ಷತ್ರ ಮೀನೇ ಇಲ್ಲದಂತೆ ಇಡಬೇಕು, ಪಕ್ಕದ ತುಂಡನ್ನು ಹಾಗೇ ಬಿಡಬೇಕು, ಆಮೇಲೆ ಏನಾಗುತ್ತದೆ ಎಂದು ನೋಡಬೇಕು ಎಂಬುದು ಅವರ ಲೆಕ್ಕ.

ಆ ಬಂಡೆ ಒಂದು ಗಿಜಿಗುಟ್ಟುವ ಊರು. ಬಂಡೆಗೆ ಅಂಟಿ ಬದುಕುವ ಬಾರ್ನಕಲ್ ಎಂಬ ಪುಟ್ಟ ಜೀವಿ, ಮಸೆಲ್ ಎಂಬ ಕಪ್ಪು ಚಿಪ್ಪಿನ ಜೀವಿ, ಬಗೆಬಗೆಯ ಬಸವನಹುಳು, ಪಾಚಿ, ಎಲ್ಲ ಸೇರಿ 15 ಜಾತಿ. ನಕ್ಷತ್ರ ಮೀನು ಇವುಗಳಲ್ಲಿ ಹಲವನ್ನು ತಿನ್ನುತ್ತದೆ. ಹಾಗಿದ್ದರೆ ತಿನ್ನುವವನನ್ನು ಓಡಿಸಿದರೆ ಉಳಿದವರೆಲ್ಲ ಹಾಯಾಗಿರಬೇಕು, ಅಲ್ವಾ? ಆದದ್ದು ಬೇರೆಯೇ. 15 ಇದ್ದ ಜಾತಿಗಳು 8ಕ್ಕೆ ಇಳಿದವು. ನಕ್ಷತ್ರ ಮೀನಿನ ಮೆಚ್ಚಿನ ಊಟ ಮಸೆಲ್. ಅದನ್ನು ತಿನ್ನುವವರಿಲ್ಲವಾದಾಗ ಮಸೆಲ್‌ಗಳು ಒತ್ತೊತ್ತಾಗಿ ಬೆಳೆದು ಇಡೀ ಬಂಡೆಯನ್ನೇ ಆಕ್ರಮಿಸಿದವು. ಉಳಿದವರಿಗೆ ಕಾಲೂರಲೂ ಜಾಗವಿಲ್ಲ.

ಕಲ್ಲಿನ ಕಮಾನು ಕಟ್ಟುವಾಗ ನೆತ್ತಿಯಲ್ಲಿ ಒಂದು ಕಲ್ಲು ಕೂರಿಸುತ್ತಾರೆ. ಅದನ್ನು ಎಳೆದರೆ ಉಳಿದ ಕಲ್ಲುಗಳೂ ಕುಸಿಯುತ್ತವೆ. ಆ ಕಲ್ಲಿಗೆ ಇಂಗ್ಲಿಷಿನಲ್ಲಿ ಕೀಸ್ಟೋನ್ ಎನ್ನುತ್ತಾರೆ. 1969ರಲ್ಲಿ ಪೇಯ್ನ್ ಇಂಥ ಜೀವಿಗಳಿಗೆ ಕೀಸ್ಟೋನ್ ಜಾತಿ ಎಂದು ಹೆಸರಿಟ್ಟರು.

ಕಡಲತೀರದ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ಸಂಗತಿಗಳು ಹೀಗೇ ಗೊತ್ತಾದವು. ಏನೋ ಒಂದು ಇಲ್ಲವಾದಾಗಲೇ ಅದು ಅಲ್ಲಿ ಏನು ಮಾಡುತ್ತಿತ್ತು ಎಂದು ತಿಳಿಯಿತು. ಪೇಯ್ನ್ ಬೇಕೆಂದೇ ಕಿತ್ತರು. ಬೇರೆ ಕಡೆ ಬೇಟೆಗಾರರು ಕಿತ್ತರು, ಬಲೆ ಕಿತ್ತಿತು, ರೋಗ ಕಿತ್ತಿತು.

ಅದಕ್ಕೂ ಮೊದಲು ಒಂದು ಮಾತು. ಸಮುದ್ರವೆಲ್ಲ ಒಂದೇ ಥರ ಜೀವ ತುಂಬಿಕೊಂಡಿಲ್ಲ. ನಡುಗಡಲಿನ ಬಹುಭಾಗ ಹೆಚ್ಚುಕಡಿಮೆ ಮರುಭೂಮಿ. ನೀರು ನೀಲಿಯಾಗಿ, ತಿಳಿಯಾಗಿ ಕಾಣುವುದೇ ಅದರಲ್ಲಿ ಪಾಚಿಗೆ ಬೇಕಾದ ಗೊಬ್ಬರ ಇಲ್ಲದ್ದರಿಂದ. ಬೆಳಕು ಮೇಲೆ, ಗೊಬ್ಬರ ಸಾವಿರಾರು ಮೀಟರ್ ಕೆಳಗೆ. ದಡದ ಹತ್ತಿರ ಹಾಗಲ್ಲ. ನೀರಿನ ಆಳ ಕಡಿಮೆ, ಬೆಳಕು ತಳ ಮುಟ್ಟುತ್ತದೆ. ನದಿಗಳು ಸಾರ ತಂದು ಸುರಿಯುತ್ತವೆ. ಅಲೆ ಮತ್ತು ಉಬ್ಬರ ಅದನ್ನು ಕದಡಿ ಹಂಚುತ್ತವೆ. ಜಗತ್ತಿನ ಮೀನುಗಾರಿಕೆಯ ದೊಡ್ಡ ಪಾಲು ಈ ಕಿರಿದಾದ ಪಟ್ಟಿಯಿಂದಲೇ ಬರುವುದು ಈ ಕಾರಣಕ್ಕೆ.

ಈಗ ಉತ್ತರಕ್ಕೆ, ಅಲಾಸ್ಕದಿಂದ ಚಾಚಿರುವ ಅಲ್ಯೂಶಿಯನ್ ದ್ವೀಪಗಳ ಕಡೆ ಹೋಗೋಣ. ಅಲ್ಲಿನ ಕಡಲ ನೀರುನಾಯಿಗೆ ತಿಮಿಂಗಿಲಕ್ಕಿರುವಂತೆ ಚರ್ಮದಡಿ ಕೊಬ್ಬಿನ ದಪ್ಪ ಪದರ ಇಲ್ಲ. ಚಳಿಗೆ ಅದರ ರಕ್ಷಣೆ ತುಪ್ಪಳ ಮಾತ್ರ. ಚದರ ಸೆಂಟಿಮೀಟರಿಗೆ ಒಂದು ಲಕ್ಷಕ್ಕೂ ಜಾಸ್ತಿ ಕೂದಲು. ಅದೇ ಅದಕ್ಕೆ ಮುಳುವಾಯಿತು. ರಷ್ಯಾದ ಪರವಾಗಿ ವೈಟಸ್ ಬೇರಿಂಗ್ 1741ರಲ್ಲಿ ನಡೆಸಿದ ಸಮುದ್ರಯಾತ್ರೆಯಿಂದ ಬದುಕಿ ಬಂದ ನಾವಿಕರು ಈ ತುಪ್ಪಳ ತಂದು ತೋರಿಸಿದ್ದೇ ತಡ, ಬೇಟೆ ಶುರುವಾಯಿತು. 1911ರಲ್ಲಿ ನಾಲ್ಕು ದೇಶಗಳು ಒಪ್ಪಂದ ಮಾಡಿಕೊಂಡು ಬೇಟೆ ನಿಲ್ಲಿಸುವ ಹೊತ್ತಿಗೆ ಉಳಿದಿದ್ದವು ಒಂದೆರಡು ಸಾವಿರ, ಅವೂ ಅಲ್ಲಲ್ಲಿ ಚದುರಿದಂತೆ. ಕೆಲವು ದ್ವೀಪಗಳಲ್ಲಿ ಅವು ಮತ್ತೆ ಹೆಚ್ಚಿದವು. ಕೆಲವು ದ್ವೀಪಗಳಿಗೆ ಮರಳಲೇ ಇಲ್ಲ.

ಈ ಏರುಪೇರೇ ಜೇಮ್ಸ್ ಎಸ್ಟಿಸ್ ಎಂಬ ವಿದ್ಯಾರ್ಥಿಯ ಕೈಗೆ ಸಿಕ್ಕ ಪ್ರಯೋಗ. 1971ರಲ್ಲಿ ಅವರು ಅಮ್ಚಿಟ್ಕ ದ್ವೀಪದಲ್ಲಿದ್ದರು. ದುಡ್ಡು ಕೊಟ್ಟವರು ಅಮೆರಿಕದ ಅಣುಶಕ್ತಿ ಆಯೋಗದವರು. ಆ ದ್ವೀಪದ ನೆಲದಡಿ ಅಣುಬಾಂಬ್ ಸಿಡಿಸುವುದಿತ್ತು, ಅಲ್ಲಿನ ಪ್ರಾಣಿಗಳ ಬಗ್ಗೆಯೂ ತಿಳಿಯಬೇಕಿತ್ತು! ವಿಜ್ಞಾನಕ್ಕೆ ದುಡ್ಡು ಎಲ್ಲೆಲ್ಲಿಂದ ಬರುತ್ತದೆ ನೋಡಿ. ಕೆಲ್ಪ್ ಎಂಬ ದೈತ್ಯ ಕಡಲಕಳೆಯ ಕಾಡು ನೀರುನಾಯಿಗಳನ್ನು ಹೇಗೆ ಸಾಕುತ್ತದೆ ಎಂದು ಎಸ್ಟಿಸ್ ಹುಡುಕುತ್ತಿದ್ದರು. ಅಲ್ಲಿಗೆ ಬಂದ ಪೇಯ್ನ್ ಪ್ರಶ್ನೆಯನ್ನೇ ತಿರುಗಿಸಿದರು. ನೀರುನಾಯಿಯೇ ಕಾಡನ್ನು ಸಾಕುತ್ತಿರಬಹುದಲ್ಲ?

ಎಸ್ಟಿಸ್ ನೀರುನಾಯಿ ಇಲ್ಲದ ಶೆಮ್ಯಾ ದ್ವೀಪಕ್ಕೆ ಹೋಗಿ ನೀರಿಗೆ ಇಳಿದರು. ತಲೆ ಮುಳುಗಿಸಿದ ಕೂಡಲೇ ಉತ್ತರ ಸಿಕ್ಕಿತು. ತಳದ ತುಂಬ ಹಾಸಿದಂತೆ ಸಮುದ್ರ ಅರ್ಚಿನ್, ಅಂದರೆ ಮೈಯೆಲ್ಲ ಮುಳ್ಳಿರುವ ಚೆಂಡಿನಂಥ ಪ್ರಾಣಿ. ಕೆಲ್ಪ್ ಮಾತ್ರ ಇಲ್ಲವೇ ಇಲ್ಲ. ಅರ್ಚಿನ್ ಕೆಲ್ಪ್ ಅನ್ನು ಬುಡದಲ್ಲೇ ಕಡಿಯುತ್ತದೆ, ಕಡಿದ ಗಿಡ ತೇಲಿ ಹೋಗುತ್ತದೆ. ನೀರುನಾಯಿ ಇದ್ದ ಕಡೆ ಅದೇ ಅರ್ಚಿನ್ ಬಂಡೆಯ ಸಂದಿಯಲ್ಲಿ ಅಡಗಿ, ಬಿದ್ದ ಚೂರುಪಾರು ತಿಂದುಕೊಂಡು ಇರುತ್ತದೆ. ನೀರುನಾಯಿಗೆ ದಿನಕ್ಕೆ ತನ್ನ ಮೈತೂಕದ ಕಾಲು ಭಾಗದಷ್ಟು ಊಟ ಬೇಕು. ಅಂಥ ಹೊಟ್ಟೆಬಾಕನ ಕಣ್ಣಿಗೆ ಬೀಳುವ ಧೈರ್ಯ ಯಾರಿಗಿದೆ?

ಇದು ಹಳೆಯ ಕಥೆ ಅಂದುಕೊಳ್ಳಬೇಡಿ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ನೀರುನಾಯಿಗಳು ಬೇಟೆಯ ಕಾಲಕ್ಕೇ ಹೋಗಿದ್ದವು. ಆದರೂ ಕೆಲ್ಪ್ ಕಾಡು ಉಳಿದಿತ್ತು. ಯಾಕೆಂದರೆ ಅಲ್ಲಿ ಅರ್ಚಿನ್ ತಿನ್ನುವ ಇನ್ನೊಬ್ಬ ಇದ್ದ. ಇಪ್ಪತ್ತಕ್ಕೂ ಹೆಚ್ಚು ತೋಳುಗಳ ಸೂರ್ಯಕಾಂತಿ ನಕ್ಷತ್ರ ಮೀನು. 2013ರಿಂದ ಅದಕ್ಕೆ ಮೈ ಕರಗಿಸುವ ರೋಗ ಬಂದು ಕೋಟಿಗಟ್ಟಲೆ ಸತ್ತವು. ಹಿಂದೆಯೇ ಸಮುದ್ರದಲ್ಲಿ ಬಿಸಿಯಲೆ ಬಂತು, ಅಂದರೆ ನೀರು ಬಹುಕಾಲ ಮಾಮೂಲಿಗಿಂತ ಬಿಸಿಯಾಗಿಯೇ ಉಳಿಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕೆಲ್ಪ್ ಕಾಡಿನ ಶೇ. 90ಕ್ಕೂ ಹೆಚ್ಚು ಭಾಗ ಹೋಯಿತು. ಒಬ್ಬ ಕಾವಲುಗಾರ ಹೋದಾಗ ಏನೂ ಆಗಲಿಲ್ಲ, ಎರಡನೆಯವನು ಹೋದಾಗ ಎಲ್ಲ ಹೋಯಿತು. ಇನ್ನೂ ಕೆಟ್ಟದ್ದೆಂದರೆ ಅರ್ಚಿನ್ ಹಸಿವಿನಿಂದ ಬೇಗ ಸಾಯುವುದಿಲ್ಲ. ಒಳಗೆ ಟೊಳ್ಳಾಗಿ, ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಎಳೆ ಕೆಲ್ಪ್ ಚಿಗುರಿದರೆ ಸಾಕು, ಕಡಿದು ಹಾಕುತ್ತದೆ.

ಸಿಂಪಿಯ ಕಥೆಯಲ್ಲಿ ಕಿತ್ತದ್ದು ದೋಣಿ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ 19ನೇ ಶತಮಾನದಲ್ಲಿ ಸಿಂಪಿಗಳನ್ನು ತಳ ಕೆರೆದು ಬಾಚಿದರು. ಸಿಂಪಿ ನೀರನ್ನು ಒಳಗೆಳೆದು ಅದರಲ್ಲಿರುವ ಪಾಚಿ ತಿಂದು, ತಿಳಿನೀರು ಹೊರಬಿಡುತ್ತದೆ. ಎಲ್ಲ ಅನುಕೂಲವಾಗಿದ್ದರೆ ಒಂದು ದೊಡ್ಡ ಸಿಂಪಿ ದಿನಕ್ಕೆ 190 ಲೀಟರ್‌ವರೆಗೆ ಸೋಸುತ್ತದೆ. ಹಿಂದೆ ಅಲ್ಲಿದ್ದ ಸಿಂಪಿಗಳು ಇಡೀ ಕೊಲ್ಲಿಯ ನೀರನ್ನು ಒಂದು ವಾರದೊಳಗೆ ಸೋಸುತ್ತಿದ್ದವು ಎಂದು 1988ರಲ್ಲಿ ಅಂದಾಜು ಮಾಡಿದರು. ಆಗ ಉಳಿದಿದ್ದ ಸಿಂಪಿಗಳಿಗೆ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕಿತ್ತು. ಹಿಡಿಯುವುದನ್ನು ನಿಲ್ಲಿಸಿದರೆ ಮತ್ತೆ ಬೆಳೆಯುವುದಿಲ್ಲವೇ ಎಂದರೆ, ಅಷ್ಟು ಸುಲಭವಲ್ಲ. ಸಿಂಪಿಯ ಮರಿ ಕೂರುವುದು ಹಳೆಯ ಸಿಂಪಿಯ ಚಿಪ್ಪಿನ ಮೇಲೆ. ಚಿಪ್ಪೂ ಹೋದರೆ ಉಳಿಯುವುದು ಬರೀ ಕೆಸರು.

ಇತ್ತ ಸೋಸುವವರು ಕಡಿಮೆಯಾದರು, ಅತ್ತ ಹೊಲಗಳಿಂದ ಹರಿದು ಬರುವ ಗೊಬ್ಬರ ಹೆಚ್ಚಿತು. ಗೊಬ್ಬರಕ್ಕೆ ಪಾಚಿ ಉಕ್ಕುತ್ತದೆ, ಸತ್ತ ಪಾಚಿ ತಳದಲ್ಲಿ ಕೊಳೆಯುತ್ತದೆ, ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತದೆ. ಇಂಥ ಉಸಿರುಗಟ್ಟಿದ ಜಾಗಗಳು ಜಗತ್ತಿನ ತೀರಗಳಲ್ಲಿ 400ಕ್ಕೂ ಹೆಚ್ಚಿವೆ ಎಂದು 2008ರಲ್ಲೇ ಎಣಿಸಿದ್ದರು.

ಕೆಸರು ಅಂದೆ. ಕೆಸರಿಗೆ ಕೆಟ್ಟ ಹೆಸರು ಜಾಸ್ತಿ. ಕಾಂಡ್ಲಾ ಕಾಡಿನ ಬುಡದಲ್ಲಿ, ಅಂದರೆ ಉಪ್ಪುನೀರಿನಲ್ಲಿ ನಿಂತು ಬೆಳೆಯುವ ಮ್ಯಾಂಗ್ರೋವ್ ಮರಗಳ ಬುಡದಲ್ಲಿ, ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ನನಗೆ ಆ ವಾಸನೆಯ ಮೇಲೆ ಸಿಟ್ಟಿಲ್ಲ, ಕಾರಣ ಗೊತ್ತಾದ ಮೇಲೆ ಗೌರವವೇ ಬಂದಿದೆ. ನೀರು ತುಂಬಿದ ಆ ಮಣ್ಣಿನೊಳಗೆ ಆಮ್ಲಜನಕ ಇಲ್ಲ. ಮರಗಳು ಕೂಡ ಕೆಸರಿನಿಂದ ಮೇಲಕ್ಕೆ ಉಸಿರುಬೇರು ಚಾಚಿ ಗಾಳಿ ಕುಡಿಯುತ್ತವೆ. ಆಮ್ಲಜನಕ ಇಲ್ಲದ ಕಡೆ ಬಿದ್ದ ಎಲೆ, ಸತ್ತ ಬೇರು ಕೊಳೆಯುವುದು ಬಲು ನಿಧಾನ. ಅಲ್ಲಿನ ಬ್ಯಾಕ್ಟೀರಿಯಾ ಸಮುದ್ರದ ನೀರಿನಲ್ಲಿರುವ ಸಲ್ಫೇಟ್ ಬಳಸಿ ಉಸಿರಾಡುತ್ತವೆ. ಆ ಉಸಿರೇ ಮೂಗಿಗೆ ಬಡಿಯುವ ವಾಸನೆ. ಸಲ್ಫೇಟ್ ಇರುವುದರಿಂದ ಸಿಹಿನೀರಿನ ಜೌಗಿನಷ್ಟು ಮೀಥೇನ್ ಇಲ್ಲಿ ಹುಟ್ಟುವುದಿಲ್ಲ. ಹೀಗೆ ಮರ ಗಾಳಿಯಿಂದ ಎಳೆದುಕೊಂಡ ಇಂಗಾಲ ಪದರ ಪದರವಾಗಿ ಕೆಸರಿನಲ್ಲಿ ಹೂತುಹೋಗುತ್ತದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯ 25 ಮ್ಯಾಂಗ್ರೋವ್ ಕಾಡುಗಳಲ್ಲಿ ಅಳೆದು 2011ರಲ್ಲಿ ಕೊಟ್ಟ ಲೆಕ್ಕದಲ್ಲಿ ಹೆಕ್ಟೇರಿಗೆ ಸರಾಸರಿ ಸುಮಾರು 1,000 ಟನ್ ಇಂಗಾಲ ಇತ್ತು. ಅದರಲ್ಲಿ ಹೆಚ್ಚಿನದು ಮರದಲ್ಲಲ್ಲ, ಮಣ್ಣಿನಲ್ಲಿ. ಸಿಗಡಿ ಕೆರೆ ಮಾಡಲು ಆ ಮಣ್ಣನ್ನು ಅಗೆದು ಬಿಸಿಲಿಗೆ ಹಾಕಿದರೆ ಶತಮಾನಗಳಿಂದ ಕೂಡಿಟ್ಟದ್ದು ಗಾಳಿಗೆ ಮರಳುತ್ತದೆ.

ಅಲೆ ತಡೆಯುವ ಕೆಲಸವೂ ಇದೆ. 100 ಮೀಟರ್ ಅಗಲದ ಮ್ಯಾಂಗ್ರೋವ್ ಪಟ್ಟಿ ದಾಟುವಷ್ಟರಲ್ಲಿ ಅಲೆಯ ಎತ್ತರ ಶೇ. 13ರಿಂದ 66ರಷ್ಟು ತಗ್ಗುತ್ತದೆ. ಈ ಅಂಕಿಗಳ ನಡುವಿನ ಅಂತರ ನೋಡಿ. ಮರಗಳ ಒತ್ತು, ಬೇರಿನ ಬಗೆ, ನೀರಿನ ಆಳ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಾಡನ್ನು ಕೋಟೆಗೋಡೆ ಅಂದುಕೊಳ್ಳುವವರ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಆದರೆ 1999ರ ಒಡಿಶಾದ ಭಾರೀ ಚಂಡಮಾರುತದ ಲೆಕ್ಕ ತೆಗೆದು ನೋಡಿದಾಗ, ಸಮುದ್ರಕ್ಕೂ ತಮಗೂ ನಡುವೆ ಅಗಲವಾದ ಮ್ಯಾಂಗ್ರೋವ್ ಇದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಾಗಿತ್ತು. ಹವಳದ ದಿಬ್ಬಗಳು ಇನ್ನೂ ಗಟ್ಟಿ. ಅಲೆಯ ಶಕ್ತಿಯಲ್ಲಿ ಸರಾಸರಿ ಶೇ. 97ರಷ್ಟನ್ನು ಅವೇ ನುಂಗುತ್ತವೆ. ನೀರು ಬಿಸಿಯಾಗಿ ಅವು ಬಿಳಿಚಿಕೊಳ್ಳುತ್ತಿರುವ ಸುದ್ದಿಯನ್ನು ನೀವು ಓದೇ ಇರುತ್ತೀರಿ. 2024ರ ಏಪ್ರಿಲ್‌ನಲ್ಲಿ ಘೋಷಿಸಿದ್ದು ಜಗತ್ತಿನಾದ್ಯಂತ ನಡೆದ ಅಂಥ ನಾಲ್ಕನೇ ಬಿಳಿಚುವಿಕೆ.

ಕೊನೆಗೆ ಉಳಿಸಿಕೊಂಡಿದ್ದು ಕಡಲ ಹುಲ್ಲು. ಇದು ಪಾಚಿಯಲ್ಲ. ಬೇರು, ಹೂವು, ಬೀಜ ಎಲ್ಲ ಇರುವ ನಿಜವಾದ ಗಿಡ. ನೆಲದಿಂದ ಮತ್ತೆ ಸಮುದ್ರಕ್ಕಿಳಿದ ಸಸ್ಯಗಳ ಪೈಕಿಯದು, ನೀರಿನೊಳಗೇ ಹೂ ಬಿಡುತ್ತದೆ. ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ 180 ಕಿಲೋಮೀಟರ್ ಹಬ್ಬಿರುವ ಹುಲ್ಲುಗಾವಲು ಒಂದೇ ಒಂದು ಗಿಡ ಎಂದು 2022ರಲ್ಲಿ ಗೊತ್ತಾಯಿತು. ವಯಸ್ಸು ಸುಮಾರು 4,500 ವರ್ಷ.

1930ರ ದಶಕದ ಆರಂಭದಲ್ಲಿ ಉತ್ತರ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಈಲ್‌ಗ್ರಾಸ್ ಎಂಬ ಕಡಲ ಹುಲ್ಲಿಗೆ ರೋಗ ಬಡಿಯಿತು. ಎಲೆಗಳು ಕಪ್ಪಾಗಿ ಉದುರಿದವು. ಸುಮಾರು ಶೇ. 90ರಷ್ಟು ಹುಲ್ಲು ಹೋಯಿತು. ಈ ಹುಲ್ಲನ್ನೇ ನಂಬಿದ್ದ ಬ್ರ್ಯಾಂಟ್ ಎಂಬ ಹೆಬ್ಬಾತುಗಳು ಕುಸಿದವು. ಅಮೆರಿಕದ ವರ್ಜೀನಿಯಾದ ತೀರದಲ್ಲಿ ಸ್ಕಾಲಪ್ ಎಂಬ ಚಿಪ್ಪುಜೀವಿಯನ್ನು ಹಿಡಿಯುವ ಕಸುಬೇ ನಿಂತುಹೋಯಿತು. ಸ್ಕಾಲಪ್ ಚಿಪ್ಪಿನ ಮರಿ ಹುಲ್ಲಿನೆಲೆಯ ಮೇಲೆ ಅಂಟಿ ಕೂತು ಏಡಿಗಳಿಂದ ತಪ್ಪಿಸಿಕೊಳ್ಳುತ್ತದೆ. ಹುಲ್ಲಿಲ್ಲದೆ ಅದು ನೆಲಕ್ಕೆ ಬಿತ್ತು.

ಅಲ್ಲಿ 1933ರಲ್ಲಿ ಚಂಡಮಾರುತವೂ ಬಂದು ಅಳಿದುಳಿದದ್ದನ್ನು ಒರೆಸಿಕೊಂಡು ಹೋಯಿತು. ಬೀಜ ಬರಲು ಹತ್ತಿರದಲ್ಲಿ ಹುಲ್ಲೇ ಉಳಿಯಲಿಲ್ಲ. ಅರವತ್ತಕ್ಕೂ ಹೆಚ್ಚು ವರ್ಷ ಆ ತಳ ಬೋಳಾಗಿತ್ತು. 1990ರ ದಶಕದ ಕೊನೆಗೆ ಒಂದು ಪುಟ್ಟ ತೇಪೆಯಷ್ಟು ಹುಲ್ಲು ಕಣ್ಣಿಗೆ ಬಿತ್ತು. ಅಂದರೆ ನೀರು ಈಗಲೂ ಹುಲ್ಲಿಗೆ ಒಗ್ಗುತ್ತದೆ, ಕೊರತೆ ಇರುವುದು ಬೀಜದ್ದು. ವಿಜ್ಞಾನಿಗಳೂ ಸ್ವಯಂಸೇವಕರೂ ಸೇರಿ ಬೇರೆಡೆಯ ಹುಲ್ಲಿನಿಂದ ಬೀಜದ ತೆನೆ ಕಿತ್ತು ತಂದು, ದೋಣಿಯಿಂದ ಚೆಲ್ಲಿದರು. ಹೊಲಕ್ಕೆ ಬಿತ್ತಿದ ಹಾಗೆ. ಇಪ್ಪತ್ತು ವರ್ಷದಲ್ಲಿ 7 ಕೋಟಿಗೂ ಹೆಚ್ಚು ಬೀಜ. ಬಿತ್ತಿದ್ದು 200 ಹೆಕ್ಟೇರಿಗಿಂತ ಸ್ವಲ್ಪ ಜಾಸ್ತಿ, ಹಬ್ಬಿದ್ದು 3,600 ಹೆಕ್ಟೇರ್. ಹುಲ್ಲು ಅಲೆಯನ್ನು ತಗ್ಗಿಸಿತು, ಕೆಸರು ಕೆಳಗಿಳಿಯಿತು, ನೀರು ತಿಳಿಯಾಯಿತು, ಬೆಳಕು ಒಳಗಿಳಿದು ಇನ್ನಷ್ಟು ಹುಲ್ಲು ಬೆಳೆಯಿತು. ಸ್ಕಾಲಪ್‌ಗಳನ್ನೂ ತಂದು ಬಿಟ್ಟಿದ್ದಾರೆ.

ಅದೇ ರೋಗದ ಕಾಲಕ್ಕೆ ಇನ್ನೊಂದು ಜೀವಿ ಇತ್ತು. ಲ್ಯಾಬ್ರಡಾರ್‌ನಿಂದ ಲಾಂಗ್ ಐಲೆಂಡ್‌ವರೆಗಿನ ತೀರದಲ್ಲಿ ಈಲ್‌ಗ್ರಾಸ್‌ನ ಎಲೆ ಬಿಟ್ಟು ಬೇರೆಲ್ಲೂ ಬದುಕದ ಲಿಂಪೆಟ್. ಟೋಪಿಯಂಥ ಚಿಪ್ಪು, ಎಲೆಯ ಅಗಲಕ್ಕೆ ತಕ್ಕಂತೆ ಕಿರಿದಾದ ಮೈ. ರೋಗ ಬಂದಾಗ ಹುಲ್ಲು ಬದುಕುಳಿದದ್ದು ನದಿ ಸಮುದ್ರ ಸೇರುವ ಅಳಿವೆಗಳಲ್ಲಿ. ಅಲ್ಲಿ ಉಪ್ಪು ಕಡಿಮೆ, ರೋಗಾಣುವಿಗೆ ಅದು ಒಗ್ಗದು. ಲಿಂಪೆಟ್‌ಗೂ ಒಗ್ಗದು. ಹುಲ್ಲು ಆಮೇಲೆ ಅಳಿವೆಗಳಿಂದ ಹೊರಗೆ ಹಬ್ಬಿತು, ಲಿಂಪೆಟ್ ಅಷ್ಟರೊಳಗೆ ಮುಗಿದಿತ್ತು. ಅದು ಇಲ್ಲ ಎಂದು ಜೇಮ್ಸ್ ಕಾರ್ಲ್‌ಟನ್ ಮತ್ತು ಜೊತೆಗಾರರು ಬರೆದದ್ದು 1991ರಲ್ಲಿ. ಅಷ್ಟು ವರ್ಷ ಯಾರೂ ಗಮನಿಸಿರಲಿಲ್ಲ. ಮ್ಯೂಸಿಯಂಗಳ ಡ್ರಾಯರ್‌ನಲ್ಲಿ ಅದರ ಚಿಪ್ಪುಗಳಿವೆ. ಅದು ಹೋದ ಮೇಲೆ ಆ ಹುಲ್ಲಿನಲ್ಲಿ ಏನು ಬದಲಾಯಿತು ಎಂದು ಈಗ ಹೇಳಲು ಬರುವುದಿಲ್ಲ. ಅದಿದ್ದಾಗ ಯಾರೂ ಎಣಿಸಿಟ್ಟಿರಲಿಲ್ಲ.