ತೀರ್ಪುಮಾಡಬೇಡಿರಿ ಅಂದರೆ ತಪ್ಪು ಕಂಡರೂ ಸುಮ್ಮನಿರಬೇಕೇ?

ಪ್ರಶ್ನೆ: ‘ತೀರ್ಪುಮಾಡಬೇಡಿರಿ’ ಎಂದು ಯೇಸುಸ್ವಾಮಿಯೇ ಹೇಳಿರುವಾಗ (ಮತ್ತಾಯ 7:1), ಇನ್ನೊಬ್ಬರ ತಪ್ಪನ್ನು ತಪ್ಪು ಎನ್ನಲು ನಮಗೆ ಹಕ್ಕಿದೆಯೇ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಇನ್ನೊಮ್ಮೆ ಬರೆಯುತ್ತೇನೆ. ಎನ್ನಬಹುದು, ಕೆಲವು ಸಲ ಎನ್ನಲೇಬೇಕು. ಮೊದಲನೆಯ ವಚನಕ್ಕೇ ಪುಸ್ತಕ ಮುಚ್ಚಿಬಿಡುವುದರಿಂದ ಈ ಗೊಂದಲ ಹುಟ್ಟಿದೆ. ದಯವಿಟ್ಟು ಐದನೆಯ ವಚನದವರೆಗಾದರೂ ಓದಿ.

ಸಹೋದರನ ಕಣ್ಣಿನ ರವೆ (ಸಣ್ಣ ಕಸ) ಕಾಣುವ ನಿನಗೆ ನಿನ್ನ ಕಣ್ಣಿನ ತೊಲೆ (ಮರದ ದಿಮ್ಮಿ) ಕಾಣುವುದಿಲ್ಲವೇ ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಅದು ಮುಗಿಯುವುದು ಹೇಗೆ? ಮೊದಲು ನಿನ್ನ ಕಣ್ಣಿನ ತೊಲೆ ತೆಗೆ, ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯಲು ಚೆನ್ನಾಗಿ ಕಾಣಿಸುತ್ತದೆ ಎಂದು. ರವೆ ಅಲ್ಲೇ ಇರಲಿ ಎಂದು ಯೇಸು ಹೇಳಲಿಲ್ಲ. ಕಣ್ಣಿಗೆ ರವೆ ಬಿದ್ದವನು ನೋವಿನಲ್ಲಿದ್ದಾನಲ್ಲ, ಅವನನ್ನು ಹಾಗೇ ಬಿಟ್ಟು ಹೋಗುವುದು ಯಾವ ಕರುಣೆ? ಅದೇ ಅಧ್ಯಾಯ ಮುಂದುವರಿದು, ಸುಳ್ಳು ಪ್ರವಾದಿಗಳನ್ನು ಅವರ ಫಲಗಳಿಂದ ತಿಳಿದುಕೊಳ್ಳಿ ಎನ್ನುತ್ತದೆ. ಒಳ್ಳೆಯದು ಕೆಟ್ಟದ್ದು ವಿಂಗಡಿಸದೆ ಫಲ ನೋಡುವುದು ಸಾಧ್ಯವೇ? ಮತ್ತಾಯ 18:15ರಲ್ಲಂತೂ, ನಿನಗೆ ತಪ್ಪು ಮಾಡಿದವನ ಬಳಿಗೆ ಹೋಗಿ ಅವನೊಬ್ಬನೇ ಇರುವಾಗ ತಿಳಿಸು ಎಂಬ ನೇರ ಅಪ್ಪಣೆಯಿದೆ. ಊರೆಲ್ಲ ಹೇಳಿಕೊಂಡು ಬಂದು ಕೊನೆಗೆ ಅವನಿಗೆ ಹೇಳುವುದಲ್ಲ, ಮೊದಲು ಅವನಿಗೇ.

ಈ ವಚನವನ್ನು ಅಡ್ಡ ಹಿಡಿಯುವವರು ಯಾರೆಂದು ಗಮನಿಸಿದ್ದೀರಾ? ಹೊಡೆದವರು, ಹಣ ನುಂಗಿದವರು, ಅವರನ್ನು ಕಾಯಲು ನಿಂತವರು. ‘ತೀರ್ಪು ಮಾಡಲು ನೀನು ಯಾರು’ ಎಂದು ಕೇಳಿದರೆ ಮುಗಿಯಿತು, ನೊಂದವರ ಬಾಯಿ ಕಟ್ಟಿತು. ನನಗೆ ಸಂಕಟವಾಗುವುದು ಇಲ್ಲಿ. ಅರಸನಾದ ದಾವೀದನು ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡಾಗ ಪ್ರವಾದಿ ನಾತಾನನು ಸುಮ್ಮನಿರಲಿಲ್ಲ. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ ಹೇಳಿ, ಆ ಮನುಷ್ಯನು ನೀನೇ ಎಂದು ಅರಸನ ಮುಖಕ್ಕೇ ಹೇಳಿದ. ದಾವೀದನು ಪಾಪ ಒಪ್ಪಿಕೊಂಡದ್ದು ಆ ಮಾತು ಕೇಳಿದ ಮೇಲೆ.

ಹಾಗಾದರೆ ಬೇಡವೆಂದದ್ದು ಯಾವುದನ್ನು? ಮನುಷ್ಯನನ್ನೇ ತಳ್ಳಿಹಾಕುವುದನ್ನು, ಇವನ ಕಥೆ ಇಷ್ಟೇ ಎಂದು ದೇವರ ಪೀಠದಲ್ಲಿ ಕೂತು ಹೇಳುವುದನ್ನು. ಲೂಕ 18ರ ಸಾಮ್ಯದಲ್ಲಿ ದೇವಾಲಯಕ್ಕೆ ಪ್ರಾರ್ಥನೆಗೆ ಬಂದ ಫರಿಸಾಯನು (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನು) ಹೇಳಿದ ಉಪವಾಸ, ದಶಮಾಂಶದ (ಆದಾಯದ ಹತ್ತನೆಯ ಪಾಲಿನ ಕಾಣಿಕೆಯ) ಲೆಕ್ಕ ಸುಳ್ಳೆಂದು ಯೇಸು ಎಲ್ಲೂ ಹೇಳುವುದಿಲ್ಲ. ಅವನು ಸೋತದ್ದು ಅಲ್ಲೇ ದೂರದಲ್ಲಿ ನಿಂತ, ಜನ ಕೀಳಾಗಿ ಕಾಣುತ್ತಿದ್ದ ಸುಂಕದವನನ್ನು (ತೆರಿಗೆ ವಸೂಲಿಗಾರನನ್ನು) ನೋಡಿದ ನೋಟದಲ್ಲಿ. ಲೂಕ 6ರಲ್ಲಿ ‘ತೀರ್ಪುಮಾಡಬೇಡಿರಿ’ ಎಂಬುದಕ್ಕೆ ತೀರಾ ಹಿಂದಿನ ಮಾತೇ, ನಿಮ್ಮ ತಂದೆ ಕರುಣೆಯುಳ್ಳವನಾಗಿರುವಂತೆ ನೀವೂ ಕರುಣೆಯುಳ್ಳವರಾಗಿರಿ ಎಂಬುದು. ಯೋಹಾನ 8ರಲ್ಲಿ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿಗೆ ಯೇಸು, ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ, ಹೋಗು, ಇನ್ನು ಪಾಪ ಮಾಡಬೇಡ ಎಂದರು. ಎರಡೂ ಮಾತು ಬೇಕು, ಅದೇ ಕ್ರಮದಲ್ಲಿ ಬೇಕು.

ಇನ್ನೊಂದು ಮಾತು. ಮತ್ತೊಬ್ಬನ ಸೇವಕನ ಮೇಲೆ ತೀರ್ಪು ಮಾಡಲು ನೀನು ಯಾರು ಎಂದು ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನು ರೋಮಾಪುರದ ಕ್ರೈಸ್ತರಿಗೆ ಬರೆದದ್ದು ತಿನ್ನುವ ಪದಾರ್ಥ, ಆಚರಿಸುವ ದಿನಗಳ ವಿಷಯದಲ್ಲಿ. ನಾವು ಅದನ್ನು ತಿರುವುಮುರುವು ಮಾಡಿದ್ದೇವೆ: ಊಟ, ಉಡುಪಿನ ಮೇಲೆ ತೀರ್ಪು, ಅನ್ಯಾಯದ ಮುಂದೆ ಮೌನ.

ಯಾರೂ ಕೇಳದ ಒಂದು ಪ್ರಶ್ನೆ ಉಳಿಯಿತು: ನನ್ನ ಮೇಲೆ ನಾನೇ ತೀರ್ಪು ಕೊಟ್ಟುಕೊಳ್ಳಬಹುದೇ? ಇತರರನ್ನು ಸುಲಭವಾಗಿ ಕ್ಷಮಿಸಿ, ತಮ್ಮನ್ನು ಮಾತ್ರ ವರ್ಷಗಟ್ಟಲೆ ಕ್ಷಮಿಸದವರಿದ್ದಾರೆ; ಅದನ್ನೇ ದೀನತೆ ಎಂದುಕೊಂಡಿದ್ದಾರೆ. ಪೌಲನು 1 ಕೊರಿಂಥ 4ರಲ್ಲಿ, ನನ್ನ ವಿಷಯದಲ್ಲಿ ನಾನೂ ತೀರ್ಪು ಮಾಡಿಕೊಳ್ಳುವುದಿಲ್ಲ, ಅದು ಕರ್ತನ ಕೆಲಸ ಎನ್ನುತ್ತಾನೆ. ಮೂರು ಸಲ ತನ್ನನ್ನು ಅಲ್ಲಗಳೆದ ಶಿಷ್ಯ ಪೇತ್ರನಿಗೆ, ಸತ್ತವರೊಳಗಿಂದ ಎದ್ದು ಬಂದ ಯೇಸು ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿ, ಮೂರು ಸಲವೂ ತನ್ನ ಕುರಿಗಳನ್ನು, ಅಂದರೆ ತನ್ನನ್ನು ನಂಬಿದವರನ್ನು, ಅವನಿಗೇ ಒಪ್ಪಿಸಿದರು.