ಪಿಕಪ್‌ಗೆ ಎಷ್ಟು ಮೂಟೆ ಹಾಕಬಹುದು?

ಕಳೆದ ಜನವರಿಯಲ್ಲಿ ನಮ್ಮ ಗ್ಯಾರೇಜಿಗೆ ಒಂದು ಪಿಕಪ್ ಬಂತು. ಬಂತು ಅನ್ನೋದಕ್ಕಿಂತ ವಾಲಿಕೊಂಡು ತೆವಳಿತು ಅನ್ನಬೇಕು. ಎಡಗಡೆ ಹಿಂದಿನ ಸ್ಪ್ರಿಂಗ್‌ನಲ್ಲಿ ಎರಡು ಪ್ಲೇಟ್ ತುಂಡಾಗಿದ್ದವು. ಪ್ಲೇಟ್‌ಗಳನ್ನು ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟ್ ಕತ್ತರಿಸಿಹೋಗಿ ಆ್ಯಕ್ಸಲ್ ಒಂದು ಬದಿಯಲ್ಲಿ ಹಿಂದಕ್ಕೆ ಸರಿದಿತ್ತು. ಮೇಲೆ 28 ಮೂಟೆ ಶುಂಠಿ. ಶನಿವಾರಸಂತೆ ಕಡೆಯಿಂದ ಮಂಗಳೂರಿಗೆ ಹೊರಟಿದ್ದ ಗಾಡಿ ಮಡಿಕೇರಿ ಮುಟ್ಟುವ ಮೊದಲೇ ಕೈಕೊಟ್ಟಿತ್ತು. ಡ್ರೈವರ್ ಹುಡುಗ ಇಳಿದವನೇ ಹೇಳಿದ್ದು ಇಷ್ಟು: "ಅಣ್ಣಾ, ಮುರಿದಿದ್ದನ್ನ ಬದಲಾಯಿಸಿ. ಜೊತೆಗೆ ಎರಡು ಪ್ಲೇಟ್ ಜಾಸ್ತಿ ಹಾಕಿಬಿಡಿ. ಇನ್ಮೇಲೆ ಮುರಿಯಲ್ಲ."

ಈ ಮಾತು ನನಗೆ ಹೊಸದಲ್ಲ. ಕಾಫಿ ಕೊಯ್ಲು ಶುರುವಾದರೆ ಸಾಕು, ಮಾರ್ಚ್ ಮುಗಿಯುವವರೆಗೆ ವಾರಕ್ಕೊಬ್ಬರಾದರೂ ಇದನ್ನೇ ಕೇಳುತ್ತಾರೆ. ಅವರ ಲೆಕ್ಕ ಸರಳ: ಎಂಜಿನ್ ಎಳೆಯುತ್ತಿದೆ, ಸ್ಪ್ರಿಂಗ್ ಮಾತ್ರ ತಡೆಯುತ್ತಿಲ್ಲ, ಹಾಗಾಗಿ ಸ್ಪ್ರಿಂಗ್ ಗಟ್ಟಿ ಮಾಡಿದರೆ ಆಯ್ತು. ಆದರೆ ಎಳೆಯೋದು ಬೇರೆ, ಹೊರೋದು ಬೇರೆ, ನಿಲ್ಲಿಸೋದು ಬೇರೆ. ಈಗಿನ ಡೀಸೆಲ್ ಎಂಜಿನ್‌ಗಳು ಎರಡು ಟನ್ ಹಾಕಿದರೂ ಗುಡ್ಡ ಹತ್ತುತ್ತವೆ. ಅದೇ ತೊಂದರೆ. ಹತ್ತುವಾಗ ಗಾಡಿ ದೂರು ಹೇಳುವುದಿಲ್ಲ, ಇಳಿಯುವಾಗ ಹೇಳುತ್ತದೆ.

ನಾನು ಅವನ ಆರ್‌ಸಿ ತರಿಸಿದೆ. ಅದರಲ್ಲಿ ಎರಡು ಸಂಖ್ಯೆ ಇರುತ್ತವೆ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಲೋಡ್ ಸೇರಿ ಗಾಡಿ ಇರಬಹುದಾದ ಒಟ್ಟು ತೂಕ. ಅವನದರಲ್ಲಿ ಖಾಲಿ ತೂಕ 1,680 ಕೆಜಿ, ಒಟ್ಟು ತೂಕ 2,980 ಕೆಜಿ. ವ್ಯತ್ಯಾಸ 1,300. "ನೋಡಿ, ಒಂದು ಟನ್ ಮುನ್ನೂರು ಇದೆಯಲ್ಲ" ಅಂದ. ಬೊಲೆರೊ ಪಿಕಪ್‌ನಲ್ಲಿ 1.3, 1.7 ಅಂತ ಹೆಸರಿನಲ್ಲೇ ಬರುತ್ತಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಆ ಅಂಕಿಯೇ. ಆದರೆ ಅದರಿಂದ ಕಳೆಯುವ ಕೆಲಸ ಇನ್ನೂ ಬಾಕಿ ಇರುತ್ತದೆ.

ಖಾಲಿ ತೂಕ ಅಂದರೆ ಡ್ರೈವರ್ ಮತ್ತು ಕ್ಲೀನರ್ ಇಲ್ಲದ ತೂಕ. ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯೇ ಹಾಗಿದೆ. ಹುಡುಗ 75 ಕೆಜಿ, ಕ್ಲೀನರ್ 60. ಗಾಡಿ ರಿಜಿಸ್ಟ್ರೇಶನ್ ಆದಮೇಲೆ ಸುತ್ತ ಕಬ್ಬಿಣದ ಗ್ರಿಲ್ ಕಟ್ಟಿಸಿದ್ದರು, ಅದು ಸುಮಾರು 110. (ಹೀಗೆ ಬಾಡಿ ಬದಲಾಯಿಸಲು ಆರ್‌ಟಿಒ ಒಪ್ಪಿಗೆ ಬೇಕು ಅನ್ನೋದು ಬೇರೆ ಕಥೆ, ಇವತ್ತು ಬೇಡ.) ಟಾರ್ಪಾಲ್, ಹಗ್ಗ, ಟೂಲ್ಸ್ ಸೇರಿ 25. ಎಲ್ಲ ಕಳೆದರೆ ಉಳಿದದ್ದು 1,030 ಕೆಜಿ. ನಮ್ಮಲ್ಲಿ ಶುಂಠಿ ಮೂಟೆ 60 ಕೆಜಿ ಲೆಕ್ಕ. ಅಂದರೆ 17 ಮೂಟೆ. ಅವನು ಹಾಕಿದ್ದು 28. ಮೂಟೆ ಲೆಕ್ಕದಲ್ಲಿ ಬರೀ ಹನ್ನೊಂದು ಜಾಸ್ತಿ, ತೂಕದಲ್ಲಿ 650 ಕೆಜಿ. ಮಳೆಯಲ್ಲಿ ಕಿತ್ತ ಶುಂಠಿಯಾದರೆ ಮೂಟೆಗೆ ಮೆತ್ತಿದ ಮಣ್ಣೂ ಸೇರುತ್ತದೆ.

ಡಬಲ್ ಕ್ಯಾಬ್ ಗಾಡಿ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ನೋಡೋಕೆ ದೊಡ್ಡದು, ಹೊರೋದು ಕಮ್ಮಿ. ಹಿಂದಿನ ಸೀಟು, ಎರಡು ಬಾಗಿಲು, ಅಲ್ಲಿ ಕೂರುವ ಮೂವರು, ಎಲ್ಲವೂ ಆ ಒಟ್ಟು ತೂಕದಿಂದಲೇ ಕಳೆಯಬೇಕು. ಅಮೆರಿಕದಲ್ಲಿ ಮಧ್ಯಮ ಗಾತ್ರದ್ದು ಅನ್ನುವ ಪಿಕಪ್‌ಗಳು ನಮ್ಮ ಬೊಲೆರೊಗಿಂತ ಭಾರಿಯಾಗಿ ಕಾಣುತ್ತವೆ, ಆದರೆ ಜನ ಮತ್ತು ಸಾಮಾನು ಸೇರಿ ಸಾಮಾನ್ಯವಾಗಿ 500ರಿಂದ 800 ಕೆಜಿ ಅಷ್ಟೇ ಹೊರುತ್ತವೆ. ಅಲ್ಲಿ ಆ ಅಂಕಿಯನ್ನು ಡ್ರೈವರ್ ಬಾಗಿಲ ಪಕ್ಕದಲ್ಲೇ ಸ್ಟಿಕ್ಕರ್ ಮಾಡಿ ಅಂಟಿಸಿರುತ್ತಾರೆ. ನಮ್ಮಲ್ಲಿ ಆರ್‌ಸಿ ಪ್ಲಾಸ್ಟಿಕ್ ಕವರಿನೊಳಗೆ, ಕವರ್ ಸಾಹುಕಾರ್ರ ಮನೆಯ ಬೀರುವಿನೊಳಗೆ.

ಸರಿ, ಎರಡು ಪ್ಲೇಟ್ ಜಾಸ್ತಿ ಹಾಕಿದರೆ ಏನಾಗುತ್ತದೆ? ಗಾಡಿ ಕೂರುವುದಿಲ್ಲ. ಅಷ್ಟೇ. ಆ್ಯಕ್ಸಲ್ ಅದೇ, ಬೇರಿಂಗ್ ಅದೇ, ಟೈರ್ ಅದೇ, ಬ್ರೇಕ್ ಡ್ರಮ್ ಅದೇ. ಮೊದಲು ಸ್ಪ್ರಿಂಗ್ ಮುರಿದು ಎಚ್ಚರಿಸುತ್ತಿತ್ತು, ಈಗ ಅದರ ಬಾಯಿ ಮುಚ್ಚಿಸಿದ ಹಾಗೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆ್ಯಕ್ಸಲ್ ಮತ್ತು ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ಸೇರಿದಂತೆ ಒಂದು ವಾಲ್ವ್ ಇರುತ್ತದೆ, ನಾವು ಎಲ್‌ಎಸ್‌ಪಿವಿ ಅನ್ನುತ್ತೇವೆ. ಲೋಡ್ ಬಿದ್ದು ಚಾಸಿ ಕೆಳಗೆ ಕೂತಾಗ ಆ ವಾಲ್ವ್‌ನ ಕಡ್ಡಿ ಬಾಗುತ್ತದೆ. ಆಗ ಅದು 'ಲೋಡ್ ಇದೆ' ಅಂತ ತಿಳಿದು ಹಿಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್‌ನ ಒತ್ತಡ ಜಾಸ್ತಿ ಬಿಡುತ್ತದೆ. ಪ್ಲೇಟ್ ಜಾಸ್ತಿ ಹಾಕಿದ ಗಾಡಿಯಲ್ಲಿ ಚಾಸಿ ಕೂರುವುದೇ ಇಲ್ಲ. ವಾಲ್ವ್ 'ಗಾಡಿ ಖಾಲಿ' ಅಂದುಕೊಳ್ಳುತ್ತದೆ. ಮೇಲೆ ಎರಡು ಟನ್, ಹಿಂದಿನ ಬ್ರೇಕು ಖಾಲಿ ಗಾಡಿಯದ್ದು. ಇದನ್ನು ಹುಡುಗನಿಗೆ ಗಾಡಿ ಕೆಳಗೆ ಮಲಗಿಸಿ ಟಾರ್ಚ್ ಹಿಡಿದು ತೋರಿಸಿದೆ. ಅಲ್ಲಿಯವರೆಗೆ ಅವನು ಆ ಕಡ್ಡಿಯನ್ನು ಸೈಲೆನ್ಸರ್‌ಗೆ ಸಂಬಂಧಪಟ್ಟದ್ದು ಅಂದುಕೊಂಡಿದ್ದ.

ಈಗ ಘಾಟಿ ವಿಷಯ. ಮಡಿಕೇರಿಯಿಂದ ಸಂಪಾಜೆಗೆ ಇಳಿದರೆ ಹೆಚ್ಚುಕಡಿಮೆ 1,000 ಮೀಟರ್ ಕೆಳಗೆ ಬರುತ್ತೇವೆ. ಮೂರು ಟನ್ ತೂಕ ಅಷ್ಟು ಎತ್ತರದಿಂದ ಇಳಿಯುವಾಗ ಬಿಡುವ ಶಕ್ತಿ ಎಲ್ಲಿಗಾದರೂ ಹೋಗಲೇಬೇಕಲ್ವಾ? ಮೂರನೇ ಒಂದು ಭಾಗವನ್ನು ಟೈರು, ಗಾಳಿ ತಿಂದುಹಾಕಿದವು ಅಂತ ಬಿಟ್ಟರೂ ಉಳಿದದ್ದು 60 ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ. ಬಚ್ಚಲ ಒಲೆ ಮೇಲಿನ ದೊಡ್ಡ ಹಂಡೆ ನೆನಪು ಮಾಡಿಕೊಳ್ಳಿ. ಅದನ್ನು ಕುದಿಸಲು ಎಷ್ಟು ಸೌದೆ ಬೇಕೋ ಅಷ್ಟೂ ಬೆಂಕಿ. ಗಾಡಿ ಎರಡನೇ ಗೇರಿನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ತಡೆದುಕೊಳ್ಳುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಟ್ಟರೆ ಪೂರ್ತಿ ಬೆಂಕಿ ನಾಲ್ಕು ಬ್ರೇಕ್‌ಗಳ ಮೇಲೆ. ಲೋಡ್ 650 ಕೆಜಿ ಜಾಸ್ತಿ ಇದ್ದರೆ ಹಂಡೆಯೂ ಅಷ್ಟು ದೊಡ್ಡದಾಯಿತು ಅಂತ ಲೆಕ್ಕ.

ಬಿಸಿಯಾದ ಬ್ರೇಕ್ ಎರಡು ಥರ ಕೈಕೊಡುತ್ತದೆ. ಒಂದರಲ್ಲಿ ಪೆಡಲ್ ಗಟ್ಟಿಯಾಗೇ ಇರುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ. ಅದು ಉಜ್ಜಿ ಗಾಡಿ ನಿಲ್ಲಿಸುವ ಬ್ರೇಕ್ ಲೈನರ್ ಕಾದು ಹಿಡಿತ ಕಳೆದುಕೊಂಡದ್ದು. ಸುಟ್ಟ ವಾಸನೆ ಮೊದಲೇ ಬಂದಿರುತ್ತದೆ. ಇನ್ನೊಂದರಲ್ಲಿ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಅದು ಬ್ರೇಕ್ ಆಯಿಲ್ ಕುದ್ದು ಒಳಗೆ ಆವಿ ಗುಳ್ಳೆ ಎದ್ದದ್ದು. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ತಡೆಯಬೇಕು. ನೀರು ಹೀರಿಕೊಂಡ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4 ಆದರೆ 230 ಮತ್ತು 155. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವದ್ದು, ನಮ್ಮೂರಿನ ಗಾಳಿಯಲ್ಲಿ ತೇವಕ್ಕೆ ಬರವೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು ಹಿಡಿಯುವ ಜಾಗ ಇದು. ಲೋಡ್ ಗಾಡಿಗೆ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಾಯಿಸಿ ಅಂತ ನಾನು ಹೇಳುತ್ತೇನೆ. ಮೇಲಿಂದ ಸ್ವಲ್ಪ ಸುರಿದು ತುಂಬಿಸುವುದು ಬದಲಾವಣೆ ಅಲ್ಲ. ವಾಸನೆ ಬಂದರೆ ಗಾಡಿ ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಸುಮ್ನೆ ಅರ್ಧ ಗಂಟೆ ಕೂತುಕೊಳ್ಳಿ. ಕಾದ ಡ್ರಮ್ಮಿಗೆ ನೀರು ಎರಚಬೇಡಿ, ಬಿರುಕು ಬಿಡುತ್ತದೆ.

ತೂಕ ಎಷ್ಟು ಅನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಅನ್ನುವುದು. ಪಿಕಪ್‌ನ ಬಾಡಿಯ ಮುಕ್ಕಾಲು ಪಾಲು ಹಿಂದಿನ ಚಕ್ರದ ಆಸುಪಾಸಿನಲ್ಲೇ ಇರುತ್ತದೆ. ಹಿಂದಿನ ಚಕ್ರಕ್ಕಿಂತ ಒಂದು ಮೀಟರ್ ಹಿಂದೆ 300 ಕೆಜಿ ಇಟ್ಟಿರಿ ಅಂದುಕೊಳ್ಳಿ. ಎರಡು ಆ್ಯಕ್ಸಲ್ ನಡುವೆ ಮೂರು ಮೀಟರ್ ಇದ್ದರೆ ಹಿಂದಿನ ಆ್ಯಕ್ಸಲ್ ಮೇಲೆ ಬೀಳುವುದು 300 ಅಲ್ಲ, 400. ಆ ಹೆಚ್ಚಿನ 100 ಕೆಜಿ ಮುಂದಿನ ಚಕ್ರದಿಂದ ಎತ್ತಿದ್ದು. ಸ್ಟೀರಿಂಗ್ ಬೆಣ್ಣೆಯಂತೆ ತಿರುಗುತ್ತಿದೆ ಅಂತ ಡ್ರೈವರ್ ಖುಷಿಪಡುತ್ತಾನೆ, ಅಸಲಿಗೆ ಮುಂದಿನ ಟೈರ್ ರಸ್ತೆಯನ್ನು ಸರಿಯಾಗಿ ಮುಟ್ಟುತ್ತಿಲ್ಲ. ಸ್ಪ್ರಿಂಕ್ಲರ್ ಪೈಪು, ಸಿಲ್ವರ್ ಮರದ ದಿಮ್ಮಿ ಹಾಕಿ ಹಿಂದಿನ ಬಾಗಿಲು ತೆರೆದು ನೇತುಹಾಕಿಕೊಂಡು ಹೋಗುವವರಿಗೆ ಈ ಮಾತು. ಭಾರದ್ದು ಕ್ಯಾಬಿನ್‌ಗೆ ಅಂಟಿಕೊಂಡಂತೆ, ನೆಲಕ್ಕೆ ಇರಲಿ. ಹಸಿ ದಿಮ್ಮಿಯಲ್ಲಿ ನೀರೇ ಜಾಸ್ತಿ, ಒಣಮರದ ಅಂದಾಜಿನಲ್ಲಿ ತುಂಬಿದರೆ ಮೋಸ ಹೋಗುತ್ತೀರಿ.

ಕಣ್ಣಿಗೆ ಮೋಸ ಮಾಡುವುದರಲ್ಲಿ ಮರಳಿಗೆ ಮೊದಲ ಸ್ಥಾನ. ಎಂಟು ಅಡಿ ಉದ್ದ, ಐದೂವರೆ ಅಡಿ ಅಗಲದ ಬಾಡಿಯಲ್ಲಿ ಬರೀ ಒಂದು ಅಡಿ ಎತ್ತರಕ್ಕೆ ಮರಳು ಹರಡಿದರೆ 44 ಘನ ಅಡಿ. ಒಣ ಮರಳು ಘನ ಅಡಿಗೆ ಸುಮಾರು 45 ಕೆಜಿ. ಆಯ್ತಲ್ಲ, ಎರಡು ಟನ್‌ಗೆ ಹತ್ತಿರ! ನೋಡಿದರೆ ಬಾಡಿ ಅರ್ಧ ಖಾಲಿ. ಒದ್ದೆ ಮರಳಾದರೆ ಇನ್ನೂ ಜಾಸ್ತಿ. ನಮ್ಮ ಹುಡುಗನ ಗಾಡಿಗೆ ಅರ್ಧ ಅಡಿ ಹಾಕಿದರೇ ಲೆಕ್ಕ ಮುಗಿಯಿತು.

ಕಾಫಿ ಹೂ ಅರಳಿಸುವ ಹೂ ಮಳೆ ತಡವಾದ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ನೀರಿನ ಟ್ಯಾಂಕ್ ಹೊತ್ತ ಪಿಕಪ್‌ಗಳು ತೋಟದ ರಸ್ತೆಯಲ್ಲಿ ಓಡಾಡುತ್ತವೆ. ಸಾವಿರ ಲೀಟರ್ ಅಂದರೆ ಒಂದು ಟನ್, ಇದರಲ್ಲಿ ಗುಟ್ಟೇನಿಲ್ಲ. ಗುಟ್ಟು ಅರ್ಧ ತುಂಬಿದ ಟ್ಯಾಂಕಿನಲ್ಲಿದೆ. ತಿರುವಿನಲ್ಲಿ 500 ಕೆಜಿ ನೀರು ಒಂದೇ ಬದಿಗೆ ನುಗ್ಗುತ್ತದೆ, ಸ್ಟೀರಿಂಗ್ ಸರಿಮಾಡುವಷ್ಟರಲ್ಲಿ ಇನ್ನೊಂದು ಬದಿಗೆ. ಪೂರ್ತಿ ತುಂಬಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಓಡಿಸಿ. ಸಂಜೆ ಮೂಟೆ ಮೇಲೆ ಆಳುಗಳನ್ನು ಕೂರಿಸಿಕೊಂಡು ಅವರು ಇರುವ ಲೈನ್ ಮನೆಗೆ ಬಿಡುವುದೂ ಇದೇ ಜಾತಿಯ ಅಪಾಯ. ಹದಿನೈದು ಜನ ಅಂದರೆ 900 ಕೆಜಿ, ಅದೂ ತಿರುವಿನಲ್ಲಿ ಒಟ್ಟಿಗೆ ವಾಲುವ ತೂಕ. ಸರಕು ಗಾಡಿಯಲ್ಲಿ ಜನ ಸಾಗಿಸುವುದೇ ನಿಯಮಕ್ಕೆ ವಿರುದ್ಧ. ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗಳಿಗೆ ಇದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ಟೈರ್ ಬಗ್ಗೆ ಎರಡೇ ಮಾತು. ಸೈಜಿನ ಪಕ್ಕ ಒಂದು ಸಂಖ್ಯೆ ಇರುತ್ತದೆ, ಅದು ಲೋಡ್ ಇಂಡೆಕ್ಸ್. 100 ಅಂದರೆ ಒಂದು ಟೈರ್ 800 ಕೆಜಿ ಹೊರುತ್ತದೆ, 106 ಅಂದರೆ 950, 112 ಅಂದರೆ 1,120. ಅದೂ ಸರಿಯಾದ ಗಾಳಿ ಇದ್ದಾಗ ಮಾತ್ರ. ಕಮ್ಮಿ ಬೆಲೆಗೆ ಸಿಕ್ಕಿತು ಅಂತ ಅದೇ ಸೈಜಿನ ಕಾರ್ ಟೈರ್ ಹಾಕಿಸಿದವರು ಈ ಸಂಖ್ಯೆ ನೋಡಿರುವುದಿಲ್ಲ.

ಕಾನೂನಿನ ಕಡೆಯಿಂದ: 2019ರ ತಿದ್ದುಪಡಿ ನಂತರ ಓವರ್‌ಲೋಡ್‌ಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್‌ಗೆ 2,000 ರೂಪಾಯಿ. ಜಾಸ್ತಿ ಇರುವುದನ್ನು ಇಳಿಸದೆ ಗಾಡಿ ಬಿಡುವುದಿಲ್ಲ, ಇಳಿಸುವ ಖರ್ಚೂ ನಿಮ್ಮದೇ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಹೇಳಿದವನೂ ಹೊಣೆ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಆ್ಯಕ್ಸಲ್ ತೂಕದ ಮಿತಿ ಏರಿಸಿದ್ದನ್ನು ಹಿಡಿದುಕೊಂಡು "ಈಗ ಎಲ್ಲದಕ್ಕೂ ಜಾಸ್ತಿ ಹಾಕಬಹುದು" ಅನ್ನುವವರಿದ್ದಾರೆ. ನಿಮ್ಮ ಪಿಕಪ್‌ನ ಆರ್‌ಸಿಯಲ್ಲಿರುವ ಅಂಕಿ ಅದರಿಂದ ಒಂದು ಕೆಜಿಯೂ ಬದಲಾಗಿಲ್ಲ.

ಹಾಗಾದರೆ ಆರ್‌ಸಿ ಲೆಕ್ಕ ಸರಿ ಇದ್ದರೆ ಸಾಕಾ? ಟಾರ್ ರಸ್ತೆಗೆ ಸಾಕು. ಮಳೆಗಾಲದಲ್ಲಿ ಮಣ್ಣು ರಸ್ತೆಯ ತೋಟದೊಳಗೆ, ಮಾಕುಟ್ಟ ಕಡೆಯ ಇಳಿಜಾರಿಗೆ, ಕರಿಕೆ ರಸ್ತೆಗೆ ನಾನು ಮುಕ್ಕಾಲು ಹಾಕಿ ಅನ್ನುತ್ತೇನೆ. ಇದು ಯಾವ ಪುಸ್ತಕದ ನಿಯಮವೂ ಅಲ್ಲ, ಗುಂಡಿಗೆ ಬಿದ್ದಾಗ ಆ ಕ್ಷಣಕ್ಕೆ ಸ್ಪ್ರಿಂಗ್ ಮೇಲೆ ಬೀಳುವ ಹೊಡೆತ ನಿಂತ ಗಾಡಿಯ ತೂಕಕ್ಕಿಂತ ಎಷ್ಟೋ ಜಾಸ್ತಿ ಅನ್ನುವುದನ್ನು ಮುರಿದ ಪ್ಲೇಟ್‌ಗಳನ್ನು ನೋಡಿ ಕಲಿತದ್ದು. ದೊಡ್ಡ ಲಾರಿಗಳಿಗೆ ಮಳೆಗಾಲದಲ್ಲಿ ನಿರ್ಬಂಧ ಬಂದಾಗ ಅವುಗಳ ಲೋಡೆಲ್ಲ ಪಿಕಪ್‌ಗಳ ಮೇಲೆ ಬೀಳುತ್ತದೆ. ಸರಿಯಾಗಿ ಆ ದಿನಗಳಲ್ಲೇ ಕಮ್ಮಿ ಹಾಕಬೇಕಾದದ್ದು.

ಅಂದಾಜು ಬೇಡ ಅನ್ನುವವರು ವೇ ಬ್ರಿಡ್ಜ್‌ಗೆ ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ತೂಗಿಸಿ, ಆಮೇಲೆ ಪೂರ್ತಿ ಗಾಡಿ. ಕಳೆದರೆ ಹಿಂದಿನದು ಸಿಗುತ್ತದೆ. ಡ್ರೈವರ್, ಕ್ಲೀನರ್ ಇಳಿಯದೆ ಒಳಗೇ ಕೂತಿರಲಿ.

ಆ ಹುಡುಗನಿಗೆ ನಾನು ಜಾಸ್ತಿ ಪ್ಲೇಟ್ ಹಾಕಿಕೊಡಲಿಲ್ಲ. ಮುರಿದ ಎರಡನ್ನು ಬದಲಾಯಿಸಿ, ಬ್ರೇಕ್ ಆಯಿಲ್ ಹೊಸದು ಹಾಕಿ, 11 ಮೂಟೆಯನ್ನು ಗ್ಯಾರೇಜಿನ ಮೂಲೆಯಲ್ಲಿ ಇಳಿಸಿಸಿದೆ. ಎರಡು ದಿನ ಗ್ಯಾರೇಜೆಲ್ಲ ಶುಂಠಿ ಘಮ. ಮುಖ ಊದಿಸಿಕೊಂಡೇ ಹೋದ. ಮುಂದಿನ ವಾರ ವಾಟ್ಸ್ಆ್ಯಪ್‌ನಲ್ಲಿ ತೂಕದ ಚೀಟಿಯ ಫೋಟೋ ಕಳಿಸಿದ, 3,040 ಕೆಜಿ. ಹಿಂದೆಯೇ ಫೋನು.

"ಅಣ್ಣಾ, 18 ಮೂಟೆ ಹಾಕಿದೀನಿ. ಅರವತ್ತು ಕೆಜಿ ಜಾಸ್ತಿ ಬಂತು. ಒಂದು ಇಳಿಸ್ಲಾ?"

"ಇಳಿಸು ಮಾರಾಯ. ಇಲ್ಲಾಂದ್ರೆ ಕ್ಲೀನರ್‌ನ ಬಸ್ಸಿಗೆ ಹತ್ತಿಸು."

ಆ ಕಡೆ ಕ್ಲೀನರ್ ಏನೋ ಗೊಣಗಿದ್ದು ಕೇಳಿಸಿತು.